ಬಸ್ರಾಕ್ಕೆ ಹೋದ ಮುತ್ಯಾ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಟೀವಿ ಧಾರಾವಾಹಿಯದೂ ಅಲ್ಲ. ಯಾರೂ ಹೆಸರು ಕೇಳಿರದವರ ಜೀವನಚರಿತ್ರೆ ಓದುವ ಚಟ. ದೊಡ್ಡವರದು ನನಗೆ ಬೇಡ. ಅವರಿಗೆ ಚೌಕಗಳಲ್ಲಿ ಮೂರ್ತಿಗಳಿವೆ, ಹೆಸರಿನಲ್ಲಿ ಶಾಲೆಗಳಿವೆ, ವರ್ಷಕ್ಕೊಂದು ರಜೆಯಿದೆ. ನಾನು ಹುಡುಕುವವರು ಬೇರೆ. ಜಪಮಣಿ ಸರಿಸುತ್ತ ಹೆಜ್ಜೆ ಎಣಿಸಿ, ಹಿಮದ ನಾಡನ್ನು ಯಾರಿಗೂ ಗೊತ್ತಾಗದಂತೆ ಅಳೆದುಕೊಂಡು ಬಂದ ಒಬ್ಬ ಶಾಲಾ ಮಾಸ್ತರ. ಗಂಡಸಿನ ಉಡುಪು ತೊಟ್ಟು ಹಡಗು ಹತ್ತಿ ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದ ಒಬ್ಬ ರೈತನ ಮಗಳು. ಇಂಥವರು ಸಿಕ್ಕರೆ ಒಲೆಯ ಮೇಲಿನ ಬೇಳೆ ಸೀದದ್ದೂ ನನಗೆ ತಿಳಿಯುವುದಿಲ್ಲ. ನಮ್ಮ ಮನೆಯವರಿಗೆ ಮೂಗಿನಿಂದಲೇ ವಿಷಯ ತಿಳಿಯುತ್ತದೆ. "ಇವತ್ತ ಯಾವ ಸಾಹೇಬ ದಾರಿ ತಪ್ಪ್ಯಾನ?" ಅಂತ ಕೇಳಿ ತಾವೇ ಎದ್ದು ಒಲೆ ಆರಿಸುತ್ತಾರೆ.

ಆ ಪುಸ್ತಕಗಳಲ್ಲಿ ಹಳೆಯ ಫೋಟೋಗಳಿರುತ್ತವೆ, ನೋಡಿದ್ದೀರಲ್ಲ? ಡೇರೆಯ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತ ಸಾಹೇಬ. ಕೆಳಗೆ ಅವನ ಹೆಸರು. ಅವನ ನಾಯಿಗೂ ಒಂದು ಹೆಸರು. ಪಕ್ಕದಲ್ಲಿ ಹೇಸರಗತ್ತೆಯ ಹಗ್ಗ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತವನಿಗೆ ಮಾತ್ರ ಹೆಸರಿಲ್ಲ. 'ಆಳು' ಅಂತ ಬರೆದಿರುತ್ತಾರೆ, ಇಲ್ಲದಿದ್ದರೆ ಅದೂ ಇಲ್ಲ. ನಾನು ಸಾಹೇಬನನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತ ಕೂತುಬಿಡುತ್ತೇನೆ. ಯಾಕೆ ಅಂತ ಬಹಳ ವರ್ಷ ನನಗೇ ಗೊತ್ತಿರಲಿಲ್ಲ.

ಹಾಗೆ ನೋಡಿದರೆ ನಮ್ಮ ಮನೆಯಲ್ಲೂ ಒಬ್ಬ ಸಾಹಸಿ ಇದ್ದ. ಶರಣಪ್ಪ ಮುತ್ಯಾ. ನಮ್ಮಪ್ಪನಿಗೆ ಅಜ್ಜ. ಅಪ್ಪ ಮುತ್ಯಾ ಅಂತಿದ್ದ ಅಂತ ನಾವೂ ಮುತ್ಯಾ ಅಂದೆವು, ಈಗ ನಮ್ಮ ಮೊಮ್ಮಕ್ಕಳೂ ಮುತ್ಯಾ ಅನ್ನುತ್ತಾರೆ. ಊರು ಮೊಗುಡಂಪಲ್ಲಿಯ ಮಗ್ಗುಲಿಗೆ. ನಮ್ಮ ಹೊಲದ ಬದುವಿನ ಮೇಲೆ ನಿಂತು ಉಗುಳಿದರೆ ಕರ್ನಾಟಕದಲ್ಲಿ ಬೀಳುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದ. ಮುತ್ಯಾ ಇಪ್ಪತ್ತರ ಹರೆಯದಲ್ಲಿದ್ದಾಗ ಮನೆಯ ಎಮ್ಮೆ ತಪ್ಪಿಸಿಕೊಂಡಿತಂತೆ. ಹುಡುಕಿಕೊಂಡು ಬರುತ್ತೇನೆ ಅಂತ ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಎಮ್ಮೆ ಅವತ್ತು ಸಂಜೆಯೇ ತಾನಾಗಿ ಮನೆಗೆ ಬಂತು. ಮುತ್ಯಾ ಮೂರು ಸುಗ್ಗಿ ಕಳೆದರೂ ಬರಲಿಲ್ಲ. ಬಳೆ ಒಡೆಯಬೇಕೋ ಬೇಡವೋ ಅಂತ ಮನೆಯಲ್ಲಿ ಮಾತು ನಡೆದಿದ್ದಾಗ, ಒಂದು ಮಧ್ಯಾಹ್ನ, ತಾಂಡೂರಿನ ಕಡೆಯಿಂದ ಪೆದ್ದೆಮುಲ್ ದಾಟಿ ನಡೆದುಕೊಂಡು ಬಂದು ಬಾಗಿಲಲ್ಲಿ ನಿಂತ. ಎಡಹುಬ್ಬಿನ ಮೇಲೆ ಹೊಸ ಗಾಯ. ತಾಯಿ ಕೇಳಿದಳು, ಎಲ್ಲಿಗೆ ಹೋಗಿದ್ದಿ ಅಂತ. "ಬಸ್ರಾಕ" ಅಂದ.

ತಾಯಿ ಎರಡೂ ಕೈ ಎತ್ತಿ ಮುಗಿದಳು.

ಬಾಸರ ಗೊತ್ತಲ್ಲ? ಗೋದಾವರಿಯ ದಂಡೆಯ ಮೇಲೆ ಸರಸ್ವತಿಯ ಗುಡಿ. ನಮ್ಮ ತೆಲಂಗಾಣದಲ್ಲಿ ಮಕ್ಕಳಿಗೆ ಮೊದಲ ಅಕ್ಷರ ಬರೆಸಲು ಅಲ್ಲಿಗೇ ಒಯ್ಯುವುದು. ನಮ್ಮ ಕಡೆಯವರ ಬಾಯಲ್ಲಿ ಅದು ಬಸರಾ, ಅವಸರದಲ್ಲಿ ಬಸ್ರಾ. ಅಕ್ಷರದ ಗಂಧವೇ ಇಲ್ಲದ ಒಬ್ಬ ಹುಡುಗ ಕಾಲ್ನಡಿಗೆಯಲ್ಲಿ ಸರಸ್ವತಿಯ ಹತ್ತಿರ ಹೋಗಿ, ಮೂರು ವರ್ಷ ಸೇವೆ ಮಾಡಿ ಬಂದಿದ್ದಾನೆ ಅಂದರೆ ಅದೇನು ಸಣ್ಣ ಮಾತೇ. ಆಮೇಲೆ ನಮ್ಮ ಮನೆತನದಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಬಾಸರಕ್ಕೆ ಒಯ್ದು ಅಕ್ಕಿಯಲ್ಲಿ ಬೆರಳು ಇಡಿಸುವುದು ಪದ್ಧತಿಯಾಯಿತು. ನನ್ನ ಬೆರಳನ್ನೂ ಇಡಿಸಿದ್ದರು. ನಾನು ಅಕ್ಷರ ಬರೆಯುವುದು ಬಿಟ್ಟು ಮುಷ್ಟಿ ತುಂಬ ಅಕ್ಕಿ ಬಾಯಿಗೆ ಹಾಕಿಕೊಂಡೆ ಅಂತ ನಮ್ಮವ್ವ ಸಾಯುವ ತನಕ ಹೇಳುತ್ತಿದ್ದಳು.

ಆದರೂ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ಐದನೆಯ ತರಗತಿಯವರೆಗೆ ಕನ್ನಡ, ಆಮೇಲೆ ಜಹೀರಾಬಾದಿನಲ್ಲಿ ತೆಲುಗು, ಕಾಲೇಜಿಗೆ ಗಡಿ ದಾಟಿ ಬೀದರಕ್ಕೆ. ಕನ್ನಡದಲ್ಲಿ ಎಣಿಸಿ, ತೆಲುಗಿನಲ್ಲಿ ಬರೆದು, ಉರ್ದುವಿನಲ್ಲಿ ಬೈಸಿಕೊಂಡು ಕಲಿತವಳು ನಾನು. ಹಾಳೆ ಮುಗಿದುಹೋಗುತ್ತವೆ ಅಂತ ಅಂಗಳದ ಫರ್ಸಿಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಭಾರತದ ನಕಾಶೆ ಬರೆದು ಊರುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಸಂಜೆ ಎಮ್ಮೆಗಳು ಕಾಶ್ಮೀರದಲ್ಲಿ ಹೊಕ್ಕು ಕನ್ಯಾಕುಮಾರಿಯಲ್ಲಿ ಹೊರಬೀಳುತ್ತಿದ್ದವು. ಬೀದರದ ಜೀಪಿನ ಹಿಂದೆ ಒಂಟಿಕಾಲಲ್ಲಿ ಜೋತುಬಿದ್ದು, ಬಾಯಲ್ಲಿ ಪುಸ್ತಕ ಕಚ್ಚಿಕೊಂಡು ಹೋದದ್ದೂ ಉಂಟು. ಇಷ್ಟೆಲ್ಲ ಮಾಡಿ ಬಿ.ಎ. ಪಾಸಾಗಿ ಊರಿಗೆ ಪೇಢೆ ಹಂಚಿದರೆ, ಊರಿನ ಪ್ರತಿಯೊಬ್ಬರೂ ಪೇಢೆ ಬಾಯಿಗಿಟ್ಟುಕೊಂಡು ಹೇಳಿದ್ದು ಒಂದೇ ಮಾತು. ಎಲ್ಲ ಮುತ್ಯಾನ ಪುಣ್ಯ. ಅಂವ ಬಸರಾಕ ನಡದಿದ್ದ, ಇಕಿಗಿ ವಿದ್ಯಾ ಹತ್ತಿತು.

ನನಗೆ ಮೈಯೆಲ್ಲ ಉರಿಯಿತು. ನಡೆದವನು ಅವನು, ಓದಿದವಳು ನಾನು, ನಡುವೆ ಏನು ಸಂಬಂಧ? ಆದರೆ ಹಿರಿಯರ ಮುಂದೆ ಬಾಯಿ ಬಿಡಲಿಲ್ಲ. ಬರಬರುತ್ತ ಸೋಷಿಯಲ್ ಟೀಚರಾದೆ, ಜಹೀರಾಬಾದಿನಲ್ಲಿ ಮನೆ ಕಟ್ಟಿಸಿದೆ, ತಲೆ ಬೆಳ್ಳಗಾಯಿತು. ಮುತ್ಯಾನ ಮೇಲಿನ ಸಿಟ್ಟು ತಣ್ಣಗಾಗಿ ಅಭಿಮಾನವಾಯಿತು. ಎಷ್ಟರಮಟ್ಟಿಗೆ ಅಂದರೆ, ಹೋದ ವರ್ಷ ನಮ್ಮೂರ ಶಾಲೆಯವರು ಊರಿನ ಹಿರಿಯರ ಮೇಲೆ ಒಂದು ಕಿರುಪುಸ್ತಕ ತರುತ್ತೇವೆ, ಎರಡು ಪುಟ ಬರೆದುಕೊಡಿ ಮೇಡಂ ಅಂದಾಗ, ಒಂದೇ ಪಟ್ಟಿಗೆ ಕೂತು 'ಬಾಸರಕ್ಕೆ ನಡೆದ ಶರಣಪ್ಪ' ಅಂತ ಬರೆದುಕೊಟ್ಟೆ.

ಅದೇ ವಾರ ಊರಿನಿಂದ ಫೋನು ಬಂತು. ಮಾಡಿದವಳು ಗುಂಡಮ್ಮತ್ತಿ, ನಮ್ಮಪ್ಪನ ಅಕ್ಕ. ಎಂಬತ್ತನಾಲ್ಕು ವರ್ಷ ಅವಳಿಗೆ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅಂದಿನಿಂದ ಮನೆಯ ದೇವರ ಜಗಲಿ ಅವಳದೇ. ಜಗಲಿಯ ಮೂಲೆಯಲ್ಲಿ ಲಿಂಗದ ಹಿಂದೆ ಒಂದು ಬಿದಿರಿನ ಕೊಳವೆ ಇತ್ತು. ಅದರೊಳಗೆ ಮುತ್ಯಾ ಬಾಸರದಿಂದ ತಂದ ಸರಸ್ವತಿಯ ಕಾಗದ. ಅತ್ತಿ ದಿನಾ ಅದಕ್ಕೆ ವಿಭೂತಿ ಹಚ್ಚಿ ಹೂ ಏರಿಸುತ್ತಿದ್ದಳು. ಬಿಚ್ಚುವಂತಿಲ್ಲ. ದೇವಿಯ ಕಾಗದ ಓದಲು ನೀ ಯಾವ ದೊಡ್ಡಾಕಿ ಅಂತ ನನ್ನ ಬಿ.ಎ.ಗೂ ಮರ್ಯಾದೆ ಕೊಟ್ಟಿರಲಿಲ್ಲ. ಈಗ ಮನೆಗೆ ಸುಣ್ಣ ಹಚ್ಚುವಾಗ ಕೊಳವೆ ಬಿದ್ದು ಸೀಳಿತ್ತು, ಒಳಗೆ ಗೆದ್ದಲು ಕಂಡಿತ್ತು. ವಸಂತ ಪಂಚಮಿಗೆ ನನ್ನ ಅಣ್ಣನ ಮಗ ಸಂಗಮೇಶನ ಕೂಸನ್ನು ಬಾಸರಕ್ಕೆ ಒಯ್ಯುವುದಿತ್ತು. ಅಷ್ಟರೊಳಗೆ ಬಂದು ಕಾಗದ ಉಳಿಸಿಕೊಡು ಅಂತ ಅತ್ತಿ ಅಂದಳು.

ಹೋದೆ. ಕೈಕಾಲು ತೊಳೆದು ಜಗಲಿಯ ಮುಂದೆ ಕೂತು ಕಾಗದ ಬಿಡಿಸಿದೆ. ಇಂಗ್ಲಿಷು. ಅಚ್ಚು ಹಾಕಿದ ಸಾಲುಗಳ ನಡುವೆ ಕೈಬರಹ. ಶರಣಪ್ಪ, ತಂದೆ ಬಂಡೆಪ್ಪ. ಎಡಹುಬ್ಬಿನ ಮೇಲೆ ಗಾಯದ ಗುರುತು. ಕ್ಯಾರೆಕ್ಟರ್, ವೆರಿ ಗುಡ್. ಸ್ಥಳ ಅನ್ನುವಲ್ಲಿ ಬಿ, ಎ, ಎಸ್, ಆರ್, ಎ. ನಾನು ಎಂಥ ಜಾಣೆ ನೋಡಿ, ಬಾಸರ ಬರೆಯುವಾಗ ಇಂಗ್ಲಿಷಿನವರು ನಡುವೆ ಒಂದು ಎ ಬಿಟ್ಟಿದ್ದಾರೆ, ಅವರಿಗೆ ನಮ್ಮ ಊರುಗಳ ಹೆಸರು ಯಾವಾಗ ಸರಿ ಬಂದಾವು ಅಂದುಕೊಂಡೆ. ಮುಂದೆ 'ಫೀಲ್ಡ್ ಸರ್ವಿಸ್' ಅಂತಿತ್ತು. ಗುಡಿಯ ಹೊಲದಲ್ಲಿ ಸೇವೆ ಮಾಡಿದ್ದಾನೆ ಅಂತ ಅತ್ತಿಗೆ ಬಿಡಿಸಿ ಹೇಳಿದೆ. ಹಡಗು ಹತ್ತಿದ್ದು ಇತ್ತು. ಗೋದಾವರಿ ದಾಟಿರಬೇಕು ಅಂದೆ. ಕೊನೆಗೆ 'ಡ್ರೈವರ್' ಅನ್ನುವ ಶಬ್ದ ಬಂತು. ಸಂಗಮೇಶ ಕರಣಕೋಟದಿಂದ ಸಿಮೆಂಟ್ ಲಾರಿ ಹೊಡೆಯುವವ. ಅಲ್ಲಿಯವರೆಗೆ ಬಾಗಿಲಿಗೆ ಒರಗಿ ಆಕಳಿಸುತ್ತಿದ್ದವನು ನೆಟ್ಟಗೆ ನಿಂತು ಗುಂಡಮ್ಮತ್ತಿಯ ಕಡೆ ತಿರುಗಿದ.

"ಮುತ್ಯಾ ಡ್ರೈವರ್ ಇದ್ದನೇನ ಅತ್ತಿ? ಮತ್ತ ನಂಗ್ಯಾಕ ಇಷ್ಟ ದಿನ ನಮ್ಮ ವಂಶದಾಗ ಯಾರೂ ಸ್ಟೇರಿಂಗ್ ಹಿಡದಿಲ್ಲ ಅಂತ ಬೈದಿ?"

ಡ್ರೈವರಿನ ಮುಂದೆ 'ಮ್ಯೂಲ್' ಅಂತಿತ್ತು. ಹೇಸರಗತ್ತೆ. ಸಂಗಮೇಶ ಮತ್ತೆ ಬಾಗಿಲಿಗೆ ಒರಗಿದ. ಯಾತ್ರೆಗೆ ಬಂದವರ ಗಂಟುಮೂಟೆ ಹೊರುವ ಹೇಸರಗತ್ತೆ ಹೊಡೆದಿರಬೇಕು ಅಂತ ನಾನು ಅದಕ್ಕೂ ಒಂದು ಅರ್ಥ ಕಟ್ಟಿದೆ. ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಕಲಿಸಿದವಳು ನಾನು ಅಂತ ದಯವಿಟ್ಟು ಯಾರಿಗೂ ಹೇಳಬೇಡಿ.

ಕಾಗದದ ಹಿಂಭಾಗದಲ್ಲಿ ಎರಡು ಸಾಲು ಉರ್ದು ಇತ್ತು. ಆಗ ನಿಜಾಮರ ರಾಜ್ಯವಲ್ಲವೇ, ಊರಿಗೆ ಬಂದ ಮೇಲೆ ತಹಸೀಲಿನವರು ಬರೆದದ್ದಿರಬೇಕು. ಉರ್ದು ಬೈಗುಳ ನನಗೆ ಬರುತ್ತದೆ, ಅಕ್ಷರ ಬರುವುದಿಲ್ಲ. ಕಾಗದವನ್ನು ಪ್ಲಾಸ್ಟಿಕ್ಕಿನ ಚೀಲದಲ್ಲಿಟ್ಟು ಜಹೀರಾಬಾದಿಗೆ ತಂದು ಖಾಜಾ ಮಾಸ್ತರರ ಮನೆಗೆ ಹೋದೆ. ನಮ್ಮ ಶಾಲೆಯಲ್ಲಿ ಉರ್ದು ಕಲಿಸಿ ನಿವೃತ್ತರಾದವರು. ಮಾಸ್ತರಿಕೆಗೆ ಮೊದಲು ಹತ್ತು ವರ್ಷ ಕುವೈತಿನಲ್ಲಿ ಹೊಲಿಗೆ ಮಷೀನು ತುಳಿದವರು.

ಅವರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಇದು ಬಾಸರ ಅಲ್ಲ ಅಂದರು. ನಾನು ಅಲ್ಲರೀ, ಬಾಸರವೇ, ನಮ್ಮ ಮನೆಯಲ್ಲಿ ನೂರು ವರ್ಷದಿಂದ ಅಂದೆ. ಮಾಸ್ತರರು ಹಳೆಯ ಚಾಳಿಯಂತೆ ನನಗೇ ಪಾಠ ಶುರು ಮಾಡಿದರು. ನಮ್ಮ ಕನ್ನಡದ ಸ ಒಂದೇ. ಉರ್ದುವಿನಲ್ಲಿ ಅದಕ್ಕೆ ಮೂರು ಅಕ್ಷರ. ಗೋದಾವರಿಯ ಬಾಸರ ಬರೆಯುವುದಾದರೆ ಸೀನ್ ಹಾಕಬೇಕು, ಮೂರು ಹಲ್ಲಿನ ಬಾಚಣಿಗೆಯ ಹಾಗೆ ಇರುತ್ತದೆ. ಇಲ್ಲಿ ಇರುವುದು ಸ್ವಾದ್, ಹೊಟ್ಟೆ ಉಬ್ಬಿದ ಅಕ್ಷರ.

"ಸ್ವಾದ್ ಹಾಕಿ ಬರಿಯೂ ಬಸ್ರಾ ಒಂದೇ ಅದರೀ. ದರ್ಯಾದ ಆಚಿಗಿಂದು. ಇರಾಕದಾಗ. ನಿಮ್ಮ ಮುತ್ಯಾ ಲಡಾಯಿಗೆ ಹೋಗ್ಯಾನ."

ನನ್ನ ಮೊದಲ ಯೋಚನೆ ಏನಿತ್ತು ಅಂತ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಹಾಗಾದರೆ ಡಿಗ್ರಿ ನನ್ನದೇ ಆಯಿತು ಅನ್ನಿಸಿತು. ಮುತ್ಯಾ ಸರಸ್ವತಿಯ ಹತ್ತಿರ ಸುಳಿದೇ ಇಲ್ಲ ಅಂದಮೇಲೆ ಪೇಢೆ ತಿಂದವರೆಲ್ಲ ಮಾತು ವಾಪಸ್ಸು ತಗೊಳ್ಳಲಿ. ಈ ಸಂತೋಷ ಅವರ ಮನೆಯ ಮೆಟ್ಟಿಲು ಇಳಿಯುವ ತನಕ ಇತ್ತು. ರಸ್ತೆಗೆ ಬಂದಾಗ ಕಾಲು ನಿಂತವು.

ಬಸ್ರಾ. ಎಮ್ಮೆ ಹುಡುಕಲು ಹೋದ ಹುಡುಗ. ಸಿಕಂದರಾಬಾದಿನ ದಂಡಿನವರು ದನ ಕಾಯಲು ಬರುವವರನ್ನು ಹುಡುಕುತ್ತಿದ್ದಾರೆ ಅಂತ ಯಾವ ದಾರಿಯಲ್ಲಿ ಯಾರು ಹೇಳಿದರೋ. ಮೊದಲನೆಯ ಮಹಾಯುದ್ಧದಲ್ಲಿ ನಮ್ಮ ದೇಶದ ಹೇಸರಗತ್ತೆ ಹೊಡೆಯುವವರು ಆ ಕಡೆ ಹೋಗಿದ್ದರು ಅಂತ ನಾನು ಓದಿದ್ದೆ. ಹಡಗಿನ ಹೊಟ್ಟೆಗೆ ಆ ಪ್ರಾಣಿಗಳನ್ನು ಪಟ್ಟೆ ಕಟ್ಟಿ ನೇತುಹಾಕಿ ಇಳಿಸುತ್ತಿದ್ದರು, ಅವು ಗಾಳಿಯಲ್ಲಿ ಕಾಲು ಬಡಿಯುತ್ತಿದ್ದವು, ಕೆಳಗೆ ನಿಂತವನು ಹಿಡಿದುಕೊಳ್ಳಬೇಕಿತ್ತು. ಆ ಕೆಳಗೆ ನಿಂತವನು ನಮ್ಮ ಮುತ್ಯಾ. ಜೀವಮಾನದಲ್ಲಿ ನಮ್ಮೂರ ಕೆರೆಗಿಂತ ದೊಡ್ಡ ನೀರು ಕಾಣದವನು ಸಮುದ್ರದ ಮೇಲೆ ಹೋದ. ಗುಂಡು ಹಾರುವ ಕಡೆಗೆ ಗುಂಡಿನ ಪೆಟ್ಟಿಗೆ ಹೊತ್ತ ಪ್ರಾಣಿಗಳನ್ನು ನಡೆಸಿದ, ಕೈಯಲ್ಲಿ ಹಗ್ಗ ಬಿಟ್ಟರೆ ಏನೂ ಇಲ್ಲದೆ. ಅವನಿಗೆ ಕನ್ನಡ ಒಂದೇ ಬರುತ್ತಿತ್ತು. ಮನೆಗೆ ಬಂದು ಮತ್ತೆ ಕಾಗದ ಬಿಡಿಸಿದೆ. ಕೆಳಗೆ ಮಸಿಯಲ್ಲಿ ಒತ್ತಿದ ಹೆಬ್ಬೆರಳಿನ ಗುರುತು. ಎಷ್ಟು ಒತ್ತಿದ್ದಾನೆ ಅಂದರೆ ಬೆರಳಿನ ಸೀಳುಗಳೂ ಕಾಣುತ್ತವೆ. ನಮ್ಮ ಮನೆತನದ ಹೆಸರಿರುವ ಮೊದಲ ಇಂಗ್ಲಿಷ್ ಕಾಗದ ನನ್ನ ಡಿಗ್ರಿ ಸರ್ಟಿಫಿಕೇಟು ಅಂತ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದೆ. ಅವತ್ತು ಅದರ ಕಡೆ ನೋಡಲು ಆಗಲಿಲ್ಲ.

ಇನ್ನೊಂದು ನಾಚಿಕೆ. ಬಾಸರ ನಮ್ಮೂರಿಗೆ ಉತ್ತರಕ್ಕಿದೆ. ಅಲ್ಲಿಂದ ನಡೆದು ಬರುವವನು ನಾರಾಯಣಖೇಡದ ಕಡೆಯಿಂದ ಬರಬೇಕು. ತಾಂಡೂರು ದಕ್ಷಿಣಕ್ಕೆ. ಮುಂಬಯಿಯಲ್ಲಿ ಹಡಗು ಇಳಿದು, ರೈಲು ಹತ್ತಿ, ತಾಂಡೂರಿನಲ್ಲಿ ಇಳಿದವನು ಮಾತ್ರ ಪೆದ್ದೆಮುಲ್ ದಾಟಿ ಬರುತ್ತಾನೆ. ಈ ಕಥೆಯನ್ನು ಸಾವಿರ ಸಲ ಕೇಳಿದ್ದೇನೆ, ಮಕ್ಕಳಿಗೆ ದಿಕ್ಕು ಕಲಿಸುವ ಕೆಲಸಕ್ಕೆ ಸಂಬಳ ತಗೊಂಡಿದ್ದೇನೆ.

ಮರುದಿನ ತಡೆಯಲಾರದೆ ಮತ್ತೆ ಮಾಸ್ತರರ ಮನೆಗೆ ಹೋಗಿ ಮುತ್ಯಾನ ಬಗ್ಗೆ ಅತ್ತಿ ಹೇಳುತ್ತಿದ್ದದ್ದನ್ನೆಲ್ಲ ಸುರಿದೆ. ಮುತ್ಯಾ ಅರ್ಧ ಲೋಟ ನೀರಿನಲ್ಲಿ ಮುಖ, ಕೈ, ಕುತ್ತಿಗೆ ಎಲ್ಲ ತೊಳೆಯುತ್ತಿದ್ದ, ಮನೆಯವರು ಅದನ್ನು ವ್ರತ ಅಂದುಕೊಂಡಿದ್ದರು. ಖಜೂರದ ಬೀಜ ನೆಟ್ಟು ಕಾಯುತ್ತ ಕೂಡುತ್ತಿದ್ದ. ಯಾವ ಪ್ರಾಣಿಯ ಮೇಲೂ ಕೋಲು ಎತ್ತುತ್ತಿರಲಿಲ್ಲ, ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಮಾಸ್ತರರು ಚಹಾ ಸಾಸರಿಗೆ ಬಗ್ಗಿಸಿಕೊಂಡು ಹಾಂ ಹಾಂ ಅನ್ನುತ್ತಿದ್ದರು. ಕೊನೆಗೆ, ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸಿಕೊಂಡ ಮಾತನ್ನೂ ಹೇಳಿದೆ. ಮುತ್ಯಾ ಸಾಯುವ ಮುನ್ನ ಎರಡು ದಿನ ಜ್ವರದಲ್ಲಿ 'ಮಾಯಿ, ಮಾಯಿ' ಅಂತ ದೇವಿಯನ್ನು ಕರೆಯುತ್ತಿದ್ದ. ಮನೆಯವರೆಲ್ಲ ಸುತ್ತ ನಿಂತು ಕೈಮುಗಿದಿದ್ದರು. ಅತ್ತಿ ಆಗ ಹನ್ನೆರಡು ವರ್ಷದವಳು, ಅಲ್ಲೇ ಕೂತಿದ್ದಳು. ಅದನ್ನು ನೋಡಿಯೇ ಜೀವನಪೂರ್ತಿ ಆ ಕೊಳವೆಗೆ ಹೂ ಏರಿಸಿದಳು. ಮನೆಗೆ ಬಂದ ಪ್ರತಿ ಸೊಸೆಗೂ, ಪ್ರತಿ ಕೂಸಿಗೂ ಅವಳು ಮೊದಲು ಹೇಳುವ ಕಥೆ ಅದೇ.

ಮಾಸ್ತರರು ಸಾಸರು ಕೆಳಗಿಟ್ಟರು.

"ಮಾಯಿ ಅಲ್ಲರೀ. ಮಾಯ್. ಆ ಕಡಿ ಅರಬ್ಬಿಯಾಗ ಮಾಯ್ ಅಂದ್ರ ನೀರು. ಕುವೈತದಾಗ ದಿನಕ್ಕ ಹತ್ತು ಸಲ ಅಂತಿದ್ದೆ ನಾ."

ನಾನು ಚಹಾ ಅಲ್ಲೇ ಬಿಟ್ಟು ಎದ್ದೆ.

ಮುತ್ಯಾ ನೀರು ಕೇಳುತ್ತಿದ್ದ. ಸುತ್ತ ಇಡೀ ಮನೆ ಕೈಮುಗಿದು ನಿಂತಿತ್ತು. ಇದನ್ನು ಹೋಗಿ ಎಂಬತ್ತನಾಲ್ಕು ವರ್ಷದ ಹೆಂಗಸಿಗೆ ಹೇಳುವುದು ಹೇಗೆ? ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಒಂದು ಜಗಲಿ ಮತ್ತು ಒಂದು ಕಥೆ. ಆ ಕಥೆಯ ಬುಡಕ್ಕೇ ನಾನು ಕೊಡಲಿ ಹಾಕಬೇಕೇ? ಹೇಳದೆ ಇದ್ದರೆ ಪುಸ್ತಕದಲ್ಲಿ ಏನು ಬರೆಯಲಿ? ಬಾಸರದ ಎರಡು ಪುಟ ಹಾಗೇ ಅಚ್ಚಾಗಲು ಬಿಟ್ಟರೆ ಸಮುದ್ರ ದಾಟಿದ ಮನುಷ್ಯನನ್ನು ನಾನೇ ಮುಳುಗಿಸಿದ ಹಾಗೆ. ಶಾಲೆಯ ಹೆಡ್‌ಮಾಸ್ತರರು ಮೇಡಂ ತಿದ್ದುವುದಿದ್ದರೆ ಸೋಮವಾರ ಕಡೆಯ ದಿನ ಅಂದಿದ್ದರು. ನಾಲ್ಕು ದಿನ ಎರಡೂ ಥರ ಬರೆದೆ, ಎರಡನ್ನೂ ಹರಿದೆ. ಅಪರಿಚಿತರ ಜೀವನಚರಿತ್ರೆ ಓದುವುದು ಸುಖದ ಕೆಲಸ. ನಮ್ಮವರದು ಬರೆಯುವುದು ಬೇರೆಯೇ ಕೆಲಸ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಬಸ್ರಾ ಹೇಳುವುದು, ನೀರಿನ ಮಾತು ನುಂಗಿಕೊಳ್ಳುವುದು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಅತ್ತಿ ಅಂಗಳದ ಬಿಸಿಲಿನಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ನಿಧಾನಕ್ಕೆ ಹೇಳಿದೆ. ಇದು ಬಾಸರದ ಕಾಗದವಲ್ಲ, ದೂರದ ಬೇರೆ ಬಸ್ರಾದ್ದು, ಮುತ್ಯಾ ಲಡಾಯಿಗೆ ಹೋಗಿದ್ದ, ಹಡಗಿನಲ್ಲಿ. ಅವಳು ಅಳಬಹುದು, ಬೈಯಬಹುದು ಅಂತ ಎಲ್ಲಕ್ಕೂ ಸಿದ್ಧಳಾಗಿದ್ದೆ. ಅವಳು ಒಂದು ಕಲ್ಲು ಆರಿಸಿ ಎಸೆದು, ಹಡಗಿನಲ್ಲಿ ಕತ್ತೆಗಳು ಹೇಲಿದರೆ ಯಾರು ಬಳಿಯುತ್ತಾರೆ ಅಂತ ಕೇಳಿದಳು. ಮುತ್ಯಾನೇ ಬಳಿದಿರಬೇಕು ಅಂದೆ. ಅದಕ್ಕೇ ಕೊಟ್ಟಿಗೆ ಅಷ್ಟು ಚೊಕ್ಕ ಇಡುತ್ತಿದ್ದ ಅಂದಳು. ಹಾಗಾದರೆ ಪಂಚಮಿಗೆ ಕೂಸನ್ನು ಬಾಸರಕ್ಕೆ ಒಯ್ಯುವುದೋ ಬೇಡವೋ ಅಂತ ಒಳಗಿನಿಂದ ಸಂಗಮೇಶನ ಹೆಂಡತಿ ಕೇಳಿದಳು.

"ಒಯ್ಯದ ಏನು ಮಾಡ್ತಿ? ಆ ಬಸ್ರಾಕ ಜಹೀರಾಬಾದದಿಂದ ಬಸ್ಸ ಅದ ಏನು?" ಅಂದಳು ಅತ್ತಿ.

ನನಗೆ ಎದೆ ಹಗುರಾಯಿತು. ಅಷ್ಟಕ್ಕೇ ಏಳಬೇಕಿ‌ತ್ತು. ಅತ್ತಿ ಮೊರ ಕುಟ್ಟುತ್ತ, ಆ ಊರಿನವರು ಯಾವ ಮಾತು ಆಡುತ್ತಾರೆ ಅಂತ ಕೇಳಿದಳು. ಅರಬ್ಬಿ ಅಂದೆ. ಮೊರ ನಿಂತಿತು. ಬೇಳೆಯ ಮೇಲೆ ಅವಳ ಕೈ ಹಾಗೇ ಇತ್ತು.

"ಆ ಮಾತಿನ್ಯಾಗ ಮಾಯಿ ಅಂದ್ರ ಏನರೆ ಅದ ಏನು ಯವ್ವಾ?"

ಬಸ್ಸಿನಲ್ಲಿ ಇದೊಂದು ಪ್ರಶ್ನೆಗೆ ಬಿಟ್ಟು ಉಳಿದ ಎಲ್ಲಕ್ಕೂ ಉತ್ತರ ಜೋಡಿಸಿಕೊಂಡಿದ್ದೆ. ಮುಖ ನೋಡಿ ಸುಳ್ಳು ಹೇಳಲು ಆಗಲಿಲ್ಲ. "ನೀರು ಅಂತ ಅತ್ತಿ" ಅಂದೆ.

ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಹೇಳತೊಡಗಿದಳು, ನನಗಲ್ಲ, ಮೊರಕ್ಕೆ ಹೇಳುವ ಹಾಗೆ. ಊರಿಗೆ ಒಬ್ಬ ಹಕೀಮ ಬರುತ್ತಿದ್ದನಂತೆ. ಈ ಜ್ವರಕ್ಕೆ ನೀರಿನ ಹನಿ ಬಾಯಿಗೆ ಬಿಡಬೇಡಿ, ಬಿಟ್ಟರೆ ಉಳಿಯುವುದಿಲ್ಲ ಅಂತ ಹೇಳಿ ಹೋಗಿದ್ದ. ಅತ್ತಿಯ ಅಪ್ಪ ಬಿಂದಿಗೆಯನ್ನೇ ಆ ಕೋಣೆಯಿಂದ ಹೊರಗೆ ಇಡಿಸಿದ್ದ. ಎರಡನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಇವಳೊಬ್ಬಳೇ ಮುತ್ಯಾನ ಹತ್ತಿರ ಇದ್ದಳು.

"ಮಾಯಿ ಅಂತ ನನ್ನ ಕೈ ಹಿಡಕೊಂಡ. ತುಟಿ ಒಡದಿದ್ದವು. ದೇವಿನ್ನ ಕರಿಯೋರ ತುಟಿ ಹಂಗ ಇರಂಗಿಲ್ಲ ಅನ್ನಿಸ್ತು. ಹಿತ್ತಲಾಗಿನ ಗಡಿಗ್ಯಾಂದು ಒಂದು ಚೆಂಬು ತಂದು ಕುಡಿಸಿದೆ. ಗಟಗಟ ಕುಡದ. ಮರುದಿನ ಹೊತ್ತು ಏರೂದ್ರಾಗ ಹೋದ."

ಎಪ್ಪತ್ತು ವರ್ಷ ಈ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ದೇವಿಯನ್ನು ಕರೆಯುತ್ತ ಹೋದ ಅಂತ ಅವಳಪ್ಪ ಊರಿಗೆಲ್ಲ ಹೇಳಿದ, ಇವಳೂ ಅದನ್ನೇ ಹೇಳಿದಳು. ಹಾಗೆ ಹೇಳುತ್ತಿರುವಷ್ಟು ದಿನ ಚೆಂಬಿನ ಮಾತು ಯಾರೂ ಕೇಳುವುದಿಲ್ಲ. ಅವನನ್ನು ಕೊಂದವಳು ತಾನು ಅಂತ ಅವಳು ಹನ್ನೆರಡನೆಯ ವಯಸ್ಸಿಗೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದಳು. ದಿನಾ ಆ ಕೊಳವೆಗೆ ಹೂ ಏರಿಸುವುದನ್ನು ನಾವು ಭಕ್ತಿ ಅಂದುಕೊಂಡಿದ್ದೆವು. ಯಾರ ತಪ್ಪೂ ಇಲ್ಲ ಅತ್ತಿ, ಇವತ್ತಿನ ಡಾಕ್ಟರಾದರೆ ಮೊದಲು ನೀರೇ ಕೊಡಿ ಅನ್ನುತ್ತಾರೆ ಅಂತ ನಾನು ಏನೇನೋ ಹೇಳಿದೆ. ಓದಿದವರ ಮಾತು. ಅವಳಿಗೆ ಅದು ತಲುಪಲಿಲ್ಲ. ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು.

"ನೀರ ಕುಡದು ಒಂದು ಮಾತ ಅಂದ. ನನ್ನ ಮಾರಿ ನೋಡಿ. ಝೇನ, ಝೇನ ಅಂದ. ಬೈದನೋ, ಶಾಪ ಹಾಕ್ದನೋ ನಂಗ ಗೊತ್ತಾಗಲಿಲ್ಲ. ಆಮ್ಯಾಗ ಬಾಯಿ ತೆರೀಲಿಲ್ಲ. ಆ ನಿನ್ನ ಮಾಸ್ತರಿಗಿ ಗೊತ್ತಿದ್ರ ಕೇಳು."

ನಾನು ಫೋನು ತೆಗೆದೆ. ಅಂಗಳದಲ್ಲಿ ಸಿಗ್ನಲ್ ಸಿಗುವುದು ತುಳಸಿಕಟ್ಟೆಯ ಹತ್ತಿರ ಮಾತ್ರ. ಅತ್ತಿ ನನ್ನ ಭುಜ ಹಿಡಿದು ಎದ್ದು ಅಲ್ಲಿಯವರೆಗೆ ಬಂದಳು. ಮಾಸ್ತರರು ಎತ್ತಿದರು. ಸುತ್ತಿಬಳಸದೆ ಕೇಳಿದೆ. ಝೇನ ಅಂದರೆ ಏನ್ರಿ? ಅವರು ನಕ್ಕರು. ಅದು ಗೊತ್ತಿಲ್ಲದೆ ಕುವೈತದಾಗ ಒಂದು ಅಂಗಿಯೂ ಹೊಲಿಯಲು ಆಗುವುದಿಲ್ಲ ಅಂದರು. ಆಮೇಲೆ ಹೇಳಿದರು. ನಾನು ಅತ್ತಿಯ ಕಡೆ ತಿರುಗುವಷ್ಟರಲ್ಲಿ ಅವಳು ಕೈ ಚಾಚಿ ಫೋನು ಇಸಿದುಕೊಂಡಿದ್ದಳು. ಎಂದೂ ಸರಿಯಾಗಿ ಹಿಡಿಯಲು ಬಾರದವಳು ಎರಡೂ ಕೈಯಲ್ಲಿ ಅದನ್ನು ಕಿವಿಗೆ ಒತ್ತಿಕೊಂಡು, ನಾ ಅವನ ಮೊಮ್ಮಗಳು ಮಾತಾಡೂದು, ನಂಗ ಹೇಳ್ರಿ ಅಂದಳು.

"ಛಲೋ ಆತು ಅಂತರೀ ಅಮ್ಮಾ," ಮಾಸ್ತರರ ದನಿ ನನಗೂ ಕೇಳಿಸಿತು. "ಬಾಳ ಛಲೋ ಆತು ಅಂತ."

ಅತ್ತಿ ಫೋನು ಕೊಡಲಿಲ್ಲ. ಇನ್ನೊಂದು ಸಲ ಹೇಳ್ರಿ ಅಂದಳು. ಅವರು ಹೇಳಿದರು. ಕಿವಿ ಸ್ವಲ್ಪ ಮಂದ ಅದರೀ, ಇನ್ನೊಂದು ಸಲ ಅಂದಳು.